ಮುಂದಿನ ಹಾಯಿ ಎಷ್ಟು ದೊಡ್ಡದಿರಬೇಕು?

ನಮ್ಮ ಚಿಕ್ಕಜಾಜೂರು ಜಂಕ್ಷನ್ನಲ್ಲಿ ರೈಲು ಸಿಗುತ್ತೆ, ಸಮುದ್ರ ಸಿಗಲ್ಲ. ಆದ್ರೂ ಇವತ್ತು ಹಾಯಿದೋಣಿ ಮಾತು. ಕಾರಣ ‘ತಾರಿಣಿ’.

ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ 2024ರ ಅಕ್ಟೋಬರ್ 2ಕ್ಕೆ ಗೋವಾದಿಂದ ಹೊರಟು, ಭೂಮಿ ಸುತ್ತಿ, 2025ರ ಮೇ 29ಕ್ಕೆ ವಾಪಸ್ ಬಂದ್ರು. 56 ಅಡಿ ದೋಣಿ, ಇಬ್ಬರೇ ಜನ. ದಕ್ಷಿಣ ಅಮೆರಿಕದ ತುದಿಯಲ್ಲಿರೋ ಕೇಪ್ ಹಾರ್ನ್ ಹತ್ತಿರ ಗಾಳಿ ಗಂಟೆಗೆ 75 ಕಿ.ಮೀ. ಮುಟ್ಟಿತ್ತು.

ಇಲ್ಲಿ ಒಂದು ಲೆಕ್ಕ ಇದೆ. ಗಾಳಿಯ ವೇಗ ಡಬಲ್ ಆದ್ರೆ ಹಾಯಿ ಮೇಲಿನ ಒತ್ತಡ ಡಬಲ್ ಅಲ್ಲ, ನಾಲ್ಕು ಪಟ್ಟು. ಅದಕ್ಕೇ ಕಂಬದ ಮುಂದೆ ಕಟ್ಟೋ ಹಾಯಿಯನ್ನ ದೊಡ್ಡದು ಕೊಂಡ್ರೆ ಲಾಭ ಅಂತ ತಿಳ್ಕೊಳ್ಳೋ ಹಾಗಿಲ್ಲ.

ಅಳತೆ ಹೀಗೆ: ಕಂಬದ ಬುಡದಿಂದ ಮುಂದಿನ ತಂತಿಹಗ್ಗ ಡೆಕ್ ಸೇರೋ ಜಾಗದವರೆಗೆ 4 ಮೀಟರ್ ಇದೆ ಅನ್ನಿ. ಹಾಯಿಯ ಹಿಂದಿನ ಮೂಲೆಯಿಂದ ಮುಂದಿನ ಅಂಚಿಗೆ ನೇರ ಲಂಬವಾಗಿ ಅಳೆದಾಗ 4 ಮೀಟರ್ ಬಂದ್ರೆ ಅದು 100 ಪರ್ಸೆಂಟ್, 6 ಬಂದ್ರೆ 150. ಕಂಬ ದಾಟಿ ಹಿಂದಕ್ಕೆ ಚಾಚೋ ಈ ದೊಡ್ಡದಕ್ಕೆ ಜೆನೋವಾ ಅಂತಾರೆ. ಮೆತ್ತನೆ ಗಾಳಿಗೆ ಅದು ಸೂಪರ್. ಜೋರು ಗಾಳಿಗೆ ಸುತ್ತಿ ಸಣ್ಣ ಮಾಡಬಹುದು, ಆದ್ರೆ ಜಾಸ್ತಿ ಸುತ್ತಿದಷ್ಟೂ ಮಧ್ಯೆ ಜೋಳಿಗೆ ಥರ ಉಬ್ಬುತ್ತೆ, ದೋಣಿ ಮುಂದೆ ಹೋಗೋ ಬದಲು ಪಕ್ಕಕ್ಕೆ ವಾಲುತ್ತೆ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ ಬೆಳಿಗ್ಗೆ ಗಾಳಿ ಮಂದ, ಮಧ್ಯಾಹ್ನ ಸಮುದ್ರದಿಂದ ಬೀಸುತ್ತೆ. ಕಾರವಾರದ ಆಚೀಚೆ ಓಡಾಡೋಕೆ ನನ್ನ ಪ್ರಕಾರ 130ರ ಹತ್ತಿರ ಸಾಕು. ದೂರ ಹೋಗೋರಿಗೆ 110, ಜೊತೆಗೆ ದಪ್ಪ ಬಟ್ಟೆಯ ಪುಟ್ಟ ಬಿರುಗಾಳಿ ಹಾಯಿ. ತಾರಿಣಿಯಲ್ಲೂ ಆ ಹಾಯಿ ಬೇರೆಯೇ ಇದೆ.

ಕಟ್ ಬಗ್ಗೆ ಬೇಗ ಹೇಳ್ತೀನಿ. ಡೆಕ್ ಸವರೋ ಹಾಯಿ ರೇಸಿಗೆ ಚೆಂದ, ಆದ್ರೆ ಮುಂದೆ ಮೀನುಗಾರರ ದೋಣಿ ಇದ್ರೂ ಕಾಣಲ್ಲ. ಹಿಂದಿನ ಮೂಲೆ ಮೇಲಿದ್ರೆ ಕೆಳಗಿನಿಂದ ನೋಟ ಸಿಗುತ್ತೆ, ಅಲೆಯೂ ಬಡಿಯಲ್ಲ. ಬಟ್ಟೆಯನ್ನ ಅಡ್ಡಪಟ್ಟಿಯಾಗಿ ಹೊಲಿದದ್ದು ಅಗ್ಗ. ಮೂಲೆಗಳಿಂದ ಬೀಸಣಿಗೆ ಥರ ಹರಡಿ ಹೊಲಿದದ್ದು ಆಕಾರ ಹೆಚ್ಚು ದಿನ ಉಳಿಸ್ಕೊಳ್ಳುತ್ತೆ, ದುಡ್ಡೂ ಜಾಸ್ತಿ.

ಬಿ.ಕಾಂ ತಲೆ ಮೊದಲು ರೇಟ್ ನೋಡುತ್ತೆ, ನಿಜ. ಆದ್ರೆ ರಾತ್ರಿ ಇಬ್ಬರಲ್ಲಿ ಒಬ್ಬರು ಮಲಗಿರ್ತಾರೆ. ಹಾಯಿ ತೀರಾ ದೊಡ್ಡದಾದ್ರೆ ಎದ್ದಿರೋರು ಅಲೆ ಹಾಯ್ತಿರೋ ಮುಂದಿನ ಡೆಕ್ಕಿಗೆ ಒಬ್ಬರೇ ಹೋಗಿ ಇಳಿಸಬೇಕು. ಅಲ್ಲಿ ಕಾಲು ಜಾರಿದ್ರೆ ಕೂಗಿದ್ದು ಕೇಳೋರಿಲ್ಲ.