ಶಿಶುವಿನ ವಿಳಂಬವೂ ನಮ್ಮ ವಿಳಂಬವೂ

(ಶ್ರೀಮಠದ ಸುವರ್ಣಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



 

ಈ ಮಹೋತ್ಸವದಲ್ಲಿ ಷಟ್ಸ್ಥಲವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನಗೆ ಮೊದಲು ಅಪ್ಪಣೆಯಾಗಿದ್ದಿತು. ನಾನು ಸನ್ನಿಧಿಗೆ ಹೋಗಿ ಬೇರೊಂದು ವಿಷಯಕ್ಕೆ ಅನುಜ್ಞೆಯನ್ನು ಬೇಡಿಕೊಂಡೆನು, ಪೂಜ್ಯರು ಕರುಣಿಸಿದರು. ಆ ವಿಷಯವು ಯಾವುದೆಂದರೆ, ಕಾಲಕ್ಕೆ ಸರಿಯಾಗಿ ಕತ್ತು ನಿಲ್ಲದ, ಕೂಡಲಾರದ, ನಡೆಯಲಾರದ, ನುಡಿಯಲಾರದ ಎಳೆಯ ಮಕ್ಕಳಿಗೆ ಎಳವೆಯಲ್ಲಿಯೇ ದೊರಕಬೇಕಾದ ಚಿಕಿತ್ಸೆ ಮತ್ತು ಶಿಕ್ಷಣ. ನಾನು ಪಾಠಶಾಲೆಯಲ್ಲಿ ವ್ಯಾಕರಣ ಸಾಹಿತ್ಯಗಳನ್ನು ಓದಿದವನೇ ಹೊರತು ವೈದ್ಯನಲ್ಲ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಇದರಲ್ಲಿ ನನ್ನಿಂದ ಒಂದು ಅಪರಾಧವು ನಡೆದುಹೋಗಿದೆ. ಅದನ್ನು ನಿಮ್ಮೆದುರಿಗೆ ಒಪ್ಪಿಕೊಳ್ಳದೆ ಈ ಉತ್ಸವದಲ್ಲಿ ಪಾಲ್ಗೊಳ್ಳುವುದು ನನಗೆ ಸರಿಕಾಣಲಿಲ್ಲ.

ಕೆಲವು ವರ್ಷಗಳ ಕೆಳಗೆ, ಅಕ್ಕಿಗಿರಣಿಯಲ್ಲಿ ಹಮಾಲಿ ಮಾಡುವವನೊಬ್ಬನ ಹೆಂಡತಿ ತನ್ನ ಗಂಡುಕೂಸನ್ನು ಎತ್ತಿಕೊಂಡು ಶ್ರೀಮಠಕ್ಕೆ ಬಂದಳು. ಕೂಸಿಗೆ ಆಗ ಒಂದೂವರೆ ವರ್ಷ. “ಯಪ್ಪಾ, ಮಗ ಇನ್ನಾ ಯವ್ವಾ ಅನ್ನವಲ್ದು” ಎಂದು ಕಣ್ಣೀರು ತಂದಳು. ನಾನು ವಿಭೂತಿಯನ್ನು ಮಂತ್ರಿಸಿ ಹಣೆಗೆ ಹಚ್ಚಿ, “ಚಿಂತಿ ಮಾಡಬ್ಯಾಡ ತಂಗೀ, ಗಂಡುಕೂಸು ತಡಾ ಮಾತಾಡ್ತಾವ, ಮೂರು ವರ್ಷ ತುಂಬಲಿ” ಎಂದು ಹೇಳಿ ಕಳುಹಿಸಿದೆನು. ಅಂದು ಸಂಜೆ ಗದ್ದುಗೆಗೆ ಮಂಗಳಾರತಿಯಾಗುತ್ತಿದ್ದಿತು. ಘಂಟೆ, ನಗಾರಿಗಳು ಕಿವಿ ಗಡಚಿಕ್ಕುವಂತೆ ಮೊಳಗುತ್ತಿರಲು ಆ ಕೂಸು ತಾಯಿಯ ತೊಡೆಯ ಮೇಲೆ ಅಲುಗದೆ ನಿದ್ರಿಸುತ್ತಿದ್ದಿತು. ಅದನ್ನು ಕಂಡು ನಾನು ಏನೆಂದೆನು ಗೊತ್ತೇ? ಇದು ಯೋಗನಿದ್ರೆ, ಕೂಸು ಪುಣ್ಯವಂತ ಎಂದೆನು! ಕಣ್ಣ ಮುಂದೆ ಇದ್ದ ಲಕ್ಷಣವನ್ನು ಕಾಣದೆ ಅದಕ್ಕೊಂದು ದೊಡ್ಡ ಹೆಸರನ್ನಿಟ್ಟೆನು.

ಕೂಸಿಗೆ ನಾಲ್ಕು ವರ್ಷಗಳಾಗುತ್ತ ಬಂದಾಗ ಅಂಗನವಾಡಿಯ ಕಾರ್ಯಕರ್ತೆಯೊಬ್ಬಳು ಅದರ ಬೆನ್ನ ಹಿಂದೆ ನಿಂತು ಸ್ಟೀಲಿನ ತಟ್ಟೆಯನ್ನು ಬಾರಿಸಿದಳು. ಕೂಸು ಹೊರಳಿ ನೋಡಲಿಲ್ಲ. ಮುಂದೆ ರಾಯಚೂರು, ಅಲ್ಲಿಂದ ಮೈಸೂರು. ಹುಟ್ಟಿನಿಂದಲೇ ಕಿವಿ ಕೇಳದೆಂದು ಗೊತ್ತಾಯಿತು. ಶ್ರವಣಯಂತ್ರವನ್ನು ಕೊಟ್ಟರು, ಮಾತಿನ ಅಭ್ಯಾಸವನ್ನು ಹಿಡಿಸಿದರು. ಕಿವಿ ಕೇಳದಿದ್ದುದು ಯಾರ ಅಪರಾಧವೂ ಅಲ್ಲ. ಆದರೆ ನಡುವೆ ಕಳೆದುಹೋದ ಆ ಎರಡೂವರೆ ವರ್ಷಗಳು ನನ್ನ ಮಾತಿನ ಫಲ. ಆ ತಾಯಿ ನನ್ನನ್ನು ಬೈಯಲಿಲ್ಲ. “ನೀವು ಹೇಳಿದ್ರಂತ ಕಾಯ್ದೆ, ಯಪ್ಪಾ” ಎಂದಷ್ಟೇ ಅಂದಳು. ಬೈದಿದ್ದರೆ ಮರೆಯಬಹುದಾಗಿತ್ತೇನೋ; ಈ ಮಾತನ್ನು ಮರೆಯಲಾರೆನು.

ಮಹಾಶಯರೇ, ಮಠದ ಮಾತಿಗೆ ಎಷ್ಟು ತೂಕವಿದೆಯೆಂಬುದು ಆ ದಿನ ನನಗೆ ತಿಳಿಯಿತು. ನಮ್ಮ ಸೀಮೆಯಲ್ಲಿ ಕೂಸಿಗೆ ಏನಾದರೂ ಕುಂದು ಕಂಡರೆ ಅನೇಕರು ಮೊದಲು ಬರುವುದು ಮಠಕ್ಕೆ. ಆದಕಾರಣ ‘ಕಾಯಿರಿ’ ಎಂಬ ಮಾತು ನಮ್ಮ ಬಾಯಿಂದ ಬಂದರೆ ಆ ಕೂಸಿನ ಅಮೂಲ್ಯಕಾಲವು ಹೋಯಿತು. ‘ಇಂದೇ ತೋರಿಸಿರಿ’ ಎಂಬ ಮಾತು ಬಂದರೆ ಅದು ಉಳಿಯಿತು. ನನ್ನ ಇಂದಿನ ಉಪನ್ಯಾಸದ ಸಾರವೆಲ್ಲ ಇಷ್ಟೇ.

ಕಾಲಕ್ಕೆ ಇಷ್ಟೊಂದು ಬೆಲೆಯೇಕೆ? ಹುಟ್ಟಿದ ಕೂಸಿನ ತಲೆಯ ಸುತ್ತಳತೆಯು ಸುಮಾರು 35 ಸೆಂಟಿಮೀಟರ್ ಇರುವುದು. ವರ್ಷ ತುಂಬುವಷ್ಟರಲ್ಲಿ ಅದು ಸುಮಾರು 46ಕ್ಕೆ ಏರುವುದು. ಎರಡನೆಯ ವರ್ಷ ಪೂರ್ತಿಯಲ್ಲಿ ಹೆಚ್ಚುವುದು 2 ಸೆಂಟಿಮೀಟರಿನಷ್ಟು ಮಾತ್ರ. ಎಂದರೆ ಮಿದುಳಿನ ಬೆಳವಣಿಗೆಯ ವೇಗವು ಮೊದಲ ವರ್ಷಗಳಲ್ಲಿಯೇ ಅತ್ಯಧಿಕವಾಗಿದೆ. ಕೇಳಿದ ಶಬ್ದ, ಕಂಡ ಮುಖ, ಹಿಡಿದ ವಸ್ತು ಇವುಗಳಿಂದಲೇ ಅದು ತನ್ನ ದಾರಿಗಳನ್ನು ಕಟ್ಟಿಕೊಳ್ಳುವುದು. ಸಿಂಧನೂರಿನ ಒಕ್ಕಲಿಗರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರು ನೀವು. ತಿಂಗಳೊಳಗೆ ನಾಟಿ ಹಚ್ಚಬೇಕಾದ ಸಸಿಯನ್ನು ಎರಡು ತಿಂಗಳು ಮಡಿಯಲ್ಲಿಯೇ ಬಿಟ್ಟರೆ ಅದು ಸಾಯುವುದಿಲ್ಲ ನಿಜ. ಆದರೆ ತೆಂಡೆ ಒಡೆಯುವುದು ಕಡಿಮೆ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಹೋದ ಕಾಲವು ಬಾರದು.

ನಮ್ಮ ಧರ್ಮದಲ್ಲಿಯೂ ಇದೇ ಸೂತ್ರವಿದೆ. ಶಿಶುವು ಜನಿಸಿದ ಕೆಲವೇ ದಿನಗಳಲ್ಲಿ ಗುರುವು ಅದಕ್ಕೆ ಲಿಂಗಧಾರಣೆಯನ್ನು ಮಾಡುತ್ತಾನೆ. ಗರ್ಭಸ್ಥ ಶಿಶುವಿಗೂ ತಾಯಿಯ ಮೂಲಕ ಸಂಸ್ಕಾರವನ್ನು ಕೊಡುವುದುಂಟು. ಕೂಸಿಗೆ ತಿಳಿವಳಿಕೆ ಬರಲಿ, ಮಾತು ಬರಲಿ, ಆಮೇಲೆ ನೋಡೋಣವೆಂದು ಯಾವ ಗುರುವೂ ಕಾಯುವುದಿಲ್ಲ. ಆತ್ಮಸಂಸ್ಕಾರಕ್ಕೆ ಕಾಯದ ನಾವು ಕಾಯಸಂಸ್ಕಾರಕ್ಕೆ ಮಾತ್ರ ಏಕೆ ಕಾಯಬೇಕು?

ಹಾಗಾದರೆ ವಿಳಂಬವನ್ನು ಗುರುತಿಸುವುದು ಹೇಗೆ? ತಾಯಂದಿರು ಈ ಕೆಲವನ್ನು ನೆನಪಿನಲ್ಲಿಟ್ಟರೆ ಸಾಕು. 2 ತಿಂಗಳಿಗೆ ಕೂಸು ತಾಯಿಯ ಮುಖವನ್ನು ನೋಡಿ ನಗಬೇಕು. 4 ತಿಂಗಳಿಗೆ ಕತ್ತು ನಿಲ್ಲಬೇಕು. 9 ತಿಂಗಳಿಗೆ ಆಸರೆಯಿಲ್ಲದೆ ಕೂಡಬೇಕು. ವರ್ಷ ತುಂಬಿದಾಗ ಹೆಸರು ಹಿಡಿದು ಕರೆದರೆ ಹೊರಳಿ ನೋಡಬೇಕು. ಒಂದೂವರೆ ವರ್ಷಕ್ಕೆ ನಡೆಯಬೇಕು, ಕೆಲವಾದರೂ ಬಿಡಿ ಮಾತುಗಳನ್ನಾಡಬೇಕು. 2 ವರ್ಷಕ್ಕೆ ‘ಅವ್ವಾ ಬಾ’, ‘ನೀರು ಕೊಡು’ ಎಂದು ಎರಡೆರಡು ಮಾತು ಕೂಡಿಸಬೇಕು. ಆಡುತ್ತಿದ್ದ ಮಾತನ್ನು ಕೂಸು ಬಿಟ್ಟುಬಿಟ್ಟರೆ, ಕಣ್ಣಿಗೆ ಕಣ್ಣು ಕೊಡದಿದ್ದರೆ ತಡಮಾಡಲೇಬಾರದು. ದಿನ ತುಂಬದೆ ಹುಟ್ಟಿದ ಕೂಸಿಗೆ ಹೆರಿಗೆಯಾಗಬೇಕಿದ್ದ ದಿನದಿಂದ ಲೆಕ್ಕ ಹಿಡಿಯುತ್ತಾರೆ. ಆಸ್ಪತ್ರೆಯಲ್ಲಿ ಕೊಡುವ ತಾಯಿ ಕಾರ್ಡಿನಲ್ಲಿಯೂ ಈ ಹಂತಗಳು ಅಚ್ಚಾಗಿವೆ. ನಾವು ಅದನ್ನು ಲಸಿಕೆಯ ತಾರೀಖಿಗಾಗಿ ಮಾತ್ರ ತೆರೆದು ನೋಡುತ್ತೇವೆ. ತಡವಾದ ಕೂಸುಗಳಿಗೆಲ್ಲ ರೋಗವಿದೆಯೆಂದು ತಿಳಿಯಬೇಡಿರಿ. ಅನೇಕವು ತಾವಾಗಿಯೇ ಸರಿಹೋಗುತ್ತವೆ. ಆದರೆ ಯಾವುದು ಸರಿಹೋಗುವುದು, ಯಾವುದು ಹೋಗದು ಎಂಬುದನ್ನು ನಿರ್ಣಯಿಸಬೇಕಾದವರು ಬಲ್ಲವರು. ಅಜ್ಜನೂ ತಡವಾಗಿ ಮಾತಾಡಿದ್ದನೆಂಬ ಮನೆಯ ಪುರಾಣವಲ್ಲ, ನನ್ನಂತಹ ಶಾಸ್ತ್ರಿಯೂ ಅಲ್ಲ.

ಎಲ್ಲಿಗೆ ಹೋಗಬೇಕೆಂಬುದು ಮುಂದಿನ ಪ್ರಶ್ನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂಬುದು 2013ರಲ್ಲಿ ಆರಂಭವಾಯಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟುದೋಷ, ಪೋಷಣೆಯ ಕೊರತೆ, ರೋಗ, ಬೆಳವಣಿಗೆಯ ವಿಳಂಬ ಎಂಬ ನಾಲ್ಕನ್ನು ಹುಡುಕುವುದು ಅದರ ಉದ್ದೇಶ. ಅದರ ನಿಯಮದಂತೆ ವೈದ್ಯರ ಸಂಚಾರಿ ತಂಡವು ವರ್ಷಕ್ಕೆ ಎರಡು ಬಾರಿ ಪ್ರತಿಯೊಂದು ಅಂಗನವಾಡಿಗೆ ಬರಬೇಕು. ಅನುಮಾನವಿದ್ದ ಮಗುವನ್ನು ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಡಿ.ಇ.ಐ.ಸಿ. ಎಂದು ಕರೆಯುವುದು ಇದನ್ನೇ. ಮಕ್ಕಳ ವೈದ್ಯರು, ಕೈಕಾಲಿಗೆ ವ್ಯಾಯಾಮ ಕಲಿಸುವ ಫಿಜಿಯೋಥೆರಪಿಯವರು, ಕಿವಿ ಪರೀಕ್ಷಿಸಿ ಮಾತು ಕಲಿಸುವವರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಒಂದೇ ಸೂರಿನಡಿ ಇರಬೇಕೆಂಬುದು ಅದರ ವ್ಯವಸ್ಥೆ, ಸೇವೆಯು ಉಚಿತ. ಹಳ್ಳಿಯ ಆಶಾ ಕಾರ್ಯಕರ್ತೆ, ಅಂಗನವಾಡಿಯ ಕಾರ್ಯಕರ್ತೆ, ಗ್ರಾಮಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ ಇವರಲ್ಲಿ ಒಬ್ಬರಿಗೆ ಹೇಳಿದರೂ ದಾರಿ ತೆರೆಯುವುದು. ಅಂಗವಿಕಲ ಮಕ್ಕಳ ವಿಷಯದಲ್ಲಿ ಅಂಗನವಾಡಿಯು ಹೇಗೆ ನಡೆದುಕೊಳ್ಳಬೇಕೆಂಬ ಕ್ರಮವನ್ನೂ ಕೇಂದ್ರ ಸರಕಾರವು 2023ರ ನವೆಂಬರಿನಲ್ಲಿ ಗೊತ್ತುಮಾಡಿದೆ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇವೆ.

ಕಿವಿಯ ವಿಷಯದಲ್ಲಿ ಒಂದು ಮಾತು. ಕೂಸು ನಿದ್ರಿಸುತ್ತಿರುವಾಗಲೇ ಕೆಲವು ನಿಮಿಷಗಳಲ್ಲಿ ಅದರ ಕಿವಿಯನ್ನು ಪರೀಕ್ಷಿಸುವ ಯಂತ್ರಗಳಿವೆ. 1 ತಿಂಗಳೊಳಗೆ ಮೊದಲ ಪರೀಕ್ಷೆ, 3 ತಿಂಗಳೊಳಗೆ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆ ಎಂಬುದು ಬಲ್ಲವರ ನಿಯಮ. ನಾನು ‘ಮೂರು ವರ್ಷ’ ಎಂದಿದ್ದೆನು!

ಕಾಯಿದೆಯ ಆಶ್ರಯವೂ ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಒಪ್ಪಿಕೊಂಡಿದೆ. ಆಟಿಸಂ, ಮಿದುಳಿನ ಪಾರ್ಶ್ವವಾಯು, ಬುದ್ಧಿಯ ಬೆಳವಣಿಗೆಯ ಕುಂದು, ಮಾತಿನ ತೊಂದರೆ ಇವೆಲ್ಲ ಅದರಲ್ಲಿವೆ. ಪ್ರಮಾಣಪತ್ರವನ್ನು ಪಡೆದರೆ ಮಗುವಿಗೆ ‘ಅಂಗವಿಕಲ’ನೆಂಬ ಹಣೆಪಟ್ಟಿ ಬರುವುದೆಂದು ಹಲವರು ಅಂಜುತ್ತಾರೆ. ಅಂಜಬಾರದು, ಅದು ಸವಲತ್ತಿನ ಬಾಗಿಲಿನ ಕೀಲಿಕೈ. ಇವುಗಳಲ್ಲಿ ಕೆಲವು ವೈಕಲ್ಯಗಳಿಗೆ ‘ನಿರಾಮಯ’ ಎಂಬ ವಿಮೆಯು 1 ಲಕ್ಷ ರೂಪಾಯಿಯವರೆಗೆ ನೆರವಾಗುವುದು. ಅದಕ್ಕೂ ಈ ಪತ್ರವೇ ಬೇಕು.

ಇಷ್ಟೆಲ್ಲ ಇದ್ದರೂ ಮಕ್ಕಳು ಏಕೆ ತಲುಪುತ್ತಿಲ್ಲ? ದೂರವೊಂದು ಕಾರಣ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ನಮ್ಮ ಮೂರು ಪಟ್ಟಣಗಳಿಂದ ರಾಯಚೂರು ಸುಮಾರು ಎಂಬತ್ತು ತೊಂಬತ್ತು ಕಿಲೋಮೀಟರ್. ಕೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ಹೋಗಿಬಂದರೆ ತಾಯಿಯ ಒಂದು ದಿನದ ಕೂಲಿ ಹೋಯಿತು. ಈ ಚಿಕಿತ್ಸೆಯಾದರೋ ಒಂದು ದಿನದ್ದಲ್ಲ. ಗುಳೆ ಹೋಗುವ ಮನೆಗಳಲ್ಲಿ ಆರಂಭವಾದ ಅಭ್ಯಾಸವೂ ನಡುವೆ ನಿಂತುಹೋಗುವುದು. ಎರಡನೆಯ ಕಾರಣ ನಾಚಿಕೆ. ತಾಯಿಯ ಪಾಪ, ಪೂರ್ವಜನ್ಮದ ಕರ್ಮ ಎಂದು ಆಡಿಕೊಳ್ಳುವ ನಾಲಗೆಗಳಿಗೆ ಅಂಜಿ ಕೂಸನ್ನು ಒಳಮನೆಯಲ್ಲಿಯೇ ಇಡುತ್ತಾರೆ. ಹೆತ್ತವಳನ್ನು ಹಳಿಯುವುದು ಶರಣಧರ್ಮವಲ್ಲ. ಹೆರಿಗೆಯಲ್ಲಿ ಉಸಿರುಕಟ್ಟುವುದು, ದಿನ ತುಂಬದೆ ಹುಟ್ಟುವುದು, ಹುಟ್ಟಿದೊಡನೆ ಕಾಮಾಲೆಯು ವಿಪರೀತಕ್ಕೇರುವುದು ಮುಂತಾದ ಕಾರಣಗಳನ್ನು ವೈದ್ಯರು ಹೇಳುತ್ತಾರೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವ ನಮ್ಮ ಒಳಸಂಬಂಧಗಳಿಂದ ಕೆಲವು ಕುಂದುಗಳ ಸಂಭವವು ಹೆಚ್ಚೆಂದೂ ಹೇಳುತ್ತಾರೆ. ಅದನ್ನು ಲಗ್ನಕ್ಕೆ ಮುಂಚೆ ಹಿರಿಯರು ವಿಚಾರಿಸತಕ್ಕದ್ದೇ ಹೊರತು ಕೂಸು ಹುಟ್ಟಿದ ಮೇಲೆ ಸೊಸೆಯ ತಲೆಗೆ ಕಟ್ಟತಕ್ಕದ್ದಲ್ಲ. ಮೂರನೆಯ ಕಾರಣವನ್ನು ಮೊದಲೇ ಅರಿಕೆಮಾಡಿದ್ದೇನೆ, ಅದು ನಾವು.

ಮಠವು ಇಂತಹದರಲ್ಲಿ ಏನು ಮಾಡಬಲ್ಲುದೆಂಬುದಕ್ಕೆ ನಮ್ಮಲ್ಲಿಯೇ ಉಜ್ಜ್ವಲ ನಿದರ್ಶನವಿದೆ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು ಗದಿಗೆಯ್ಯನೆಂಬ ಅಂಧಬಾಲಕನನ್ನು ಕಂಡರು. ಕಣ್ಣು ಬರುವುದೆಂದು ತಾಯತವನ್ನು ಕಟ್ಟಿ ಕಳುಹಿಸಲಿಲ್ಲ. ಸಂಗೀತ ಕಲಿಯುವ ಏರ್ಪಾಡನ್ನು ಮಾಡಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು (1892–1944). ಅವರ ಕೈಯಲ್ಲಿ ಬೆಳೆದು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದವರು, ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (1914–2010). ಗುರುವು ಕೊಟ್ಟುದು ಕಣ್ಣನ್ನಲ್ಲ, ವಿದ್ಯೆಯನ್ನು. ಅದನ್ನೂ ಕಾಲಕ್ಕೆ ಸರಿಯಾಗಿ ಕೊಟ್ಟನು.

ಆದರೆ ಒಂದನ್ನು ನೆನಪಿಡಬೇಕು. ಎಳವೆಯ ಚಿಕಿತ್ಸೆಯಿಂದ ಎಲ್ಲ ಮಕ್ಕಳೂ ಇತರರಂತೆಯೇ ಆಗುವರೆಂದು ಯಾರೂ ಮಾತುಕೊಡಲಾರರು. ಹಾಗೆ ಮಾತುಕೊಟ್ಟು ಹಣ ಕೇಳುವವರನ್ನು ನಂಬಬೇಡಿರಿ. ಕೆಲವರು ನಡೆಯುವರು, ಕೆಲವರು ಕೂಡಲು ಕಲಿತರೆ ಅದೇ ಲಾಭ, ಕೆಲವರು ಮಾತಿಗೆ ಬದಲು ಸನ್ನೆಯಿಂದ ಹಸಿವನ್ನು ತಿಳಿಸುವರು. ಅದೂ ಸಣ್ಣದಲ್ಲ. ತಜ್ಞರು ವಾರಕ್ಕೋ ತಿಂಗಳಿಗೋ ಒಮ್ಮೆ ತೋರಿಸಿಕೊಟ್ಟುದನ್ನು ಮನೆಯಲ್ಲಿ ದಿನವೂ ಮಾಡಬೇಕು. ನಿತ್ಯವೂ ತಪ್ಪದೆ ಲಿಂಗಪೂಜೆಯನ್ನು ಮಾಡುವವರಿಗೆ ನಿತ್ಯನೇಮವೆಂದರೇನೆಂದು ಹೇಳಿಕೊಡಬೇಕೇ? ಸ್ನಾನ ಮಾಡಿಸುವಾಗ, ಉಣಿಸುವಾಗ, ರೊಟ್ಟಿ ಬಡಿಯುವಾಗ ಕೂಸಿನೊಡನೆ ಮಾತಾಡುವುದು, ಅದರ ಕೈಯಿಂದ ಹಿಡಿಸುವುದು, ಹೊರಳಿಸುವುದು — ಇವೇ ಆ ನೇಮಗಳು. ಈ ಕಾಯಕದಲ್ಲಿ ತಂದೆಗೂ ಪಾಲಿದೆ.

ಕೊನೆಯದಾಗಿ ಪೂಜ್ಯರ ಸನ್ನಿಧಿಯಲ್ಲಿ ಮೂರು ಬಿನ್ನಹಗಳು. ಮೊದಲನೆಯದು, ಮಠಕ್ಕೆ ತಂದ ಪ್ರತಿಯೊಂದು ಕೂಸಿಗೂ ಆಶೀರ್ವಾದದೊಡನೆ ತಾಯಿ ಕಾರ್ಡನ್ನು ಕೇಳಿ ನೋಡುವ ಪದ್ಧತಿಯಾಗಬೇಕು. ಎರಡನೆಯದು, ಚಿಕಿತ್ಸೆಗೆ ರಾಯಚೂರಿಗೆ ಹೋಗುವ ಬಡ ತಾಯಂದಿರಿಗೆ ದಾಸೋಹನಿಧಿಯಿಂದ ಬಸ್ಸಿನ ಖರ್ಚೂ ಬುತ್ತಿಯೂ ಸಲ್ಲಬೇಕು; ದಾಸೋಹವು ಪಂಕ್ತಿಯಲ್ಲಿಯೇ ಮುಗಿಯಬೇಕೆಂಬ ನಿಯಮವಿಲ್ಲ. ಮೂರನೆಯದು, ಮಠದ ಒಂದು ಕೋಣೆಯನ್ನು ವಾರಕ್ಕೊಂದು ದಿನ ಚಿಕಿತ್ಸಕರಿಗೆ ಬಿಟ್ಟುಕೊಟ್ಟು, ಅವರನ್ನು ಇಲ್ಲಿಗೇ ಕರೆತರುವ ಪ್ರಯತ್ನವಾಗಬೇಕು. ಜಾತ್ರೆಗೆ ಬರುವ ಸಾವಿರಾರು ಜನರ ನಡುವೆ ಪರೀಕ್ಷೆಯ ಶಿಬಿರವೂ ಇರಲಿ.

ಆ ಹುಡುಗನು ಈಗ ಶಾಲೆಗೆ ಹೋಗುತ್ತಾನೆ. ಮಾತು ತೊದಲು, ತಾಯಿಗೆ ತಿಳಿಯುತ್ತದೆ, ನನಗೆ ಅರ್ಧ ತಿಳಿಯುತ್ತದೆ. ಹಿಂದಿನ ಜಾತ್ರೆಗೆ ಬಂದಿದ್ದನು. ಮಂಗಳಾರತಿಯ ಘಂಟೆ ಮೊಳಗಿದೊಡನೆ ಕಿವಿಯ ಯಂತ್ರವನ್ನು ಕೈಯಿಂದ ಮುಚ್ಚಿಕೊಂಡು ನನ್ನ ಕಡೆ ನೋಡಿ ನಕ್ಕನು. ಅವನು ನನ್ನನ್ನು ಕ್ಷಮಿಸಿದನೋ ಇಲ್ಲವೋ ನಾನರಿಯೆನು. ನನ್ನ ತಪ್ಪೇ ಅವನಿಗೆ ತಿಳಿಯದು. ಇನ್ನೊಂದು ಕೂಸಿಗೆ ಈ ತಪ್ಪು ಈ ಮಠದ ಹೊಸ್ತಿಲಲ್ಲಿ ನಡೆಯದಿರಲೆಂದು ಬೇಡಿಕೊಂಡು, ಹೆಚ್ಚು ಕಡಿಮೆಯಾಡಿದ್ದರೆ ಮನ್ನಿಸಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.