ಆ್ಯಪ್ ಅಳಿಸಿದರೂ ಹಣ ಹೋಗುವುದೇಕೆ?

ಜಾಲಹಳ್ಳಿ, ಪೀಣ್ಯದ ಕಡೆಯಿಂದ ಬರುವ ಪತ್ರಗಳಲ್ಲಿ ಒಂದೇ ಅಳಲು: “ಆ್ಯಪ್ ಡಿಲೀಟ್ ಮಾಡಿ ತಿಂಗಳುಗಳಾದವು, ಖಾತೆಯಿಂದ ಇನ್ನೂ ದುಡ್ಡು ಹೋಗ್ತಿದೆ. ಯಾರಾದ್ರೂ ಹ್ಯಾಕ್ ಮಾಡಿದ್ದಾರಾ?”

ಯಾರೂ ಮಾಡಿಲ್ಲ. ಒಪ್ಪಿಗೆ ಕೊಟ್ಟವರು ನೀವೇ. ಒಂದು ರೂಪಾಯಿಗೆ ಏಳು ದಿನ ನೋಡಿ ಎಂದಾಗ ಯುಪಿಐ ಪಿನ್ ಒತ್ತಿದಿರಲ್ಲ, ಆ ಪಿನ್ ಮುಂದಿನ ಎಲ್ಲ ಕಂತುಗಳಿಗೂ ಸೇರಿತ್ತು. ಆಟೋಪೇ ಎಂದರೆ ಇದೇ. 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದಿಲ್ಲ. 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಈ ಮಿತಿಯನ್ನು 5,000ದಿಂದ ಅಲ್ಲಿಗೆ ಏರಿಸಿತು. ಒಪ್ಪಿಗೆ ದಾಖಲಾಗಿರುವುದು ಬ್ಯಾಂಕಿನಲ್ಲಿ, ಆ್ಯಪ್ ಸ್ಟೋರಿನ ನಿಮ್ಮ ಖಾತೆಯಲ್ಲಿ. ಐಕಾನ್ ಅಳಿಸಿದರೆ ಐಕಾನ್ ಹೋಗುತ್ತದೆ, ಅಷ್ಟೇ. ಫೋನನ್ನೇ ಬದಲಾಯಿಸಿದರೂ ಕಂತು ನಡೆಯುತ್ತಲೇ ಇರುತ್ತದೆ. ಪೇಪರ್ ಓದುವುದನ್ನು ಬಿಟ್ಟ ಮಾತ್ರಕ್ಕೆ ಪೇಪರ್ ಬಿಲ್ಲು ನಿಲ್ಲುತ್ತದೆಯೇ? ಬೇಡ ಎಂದು ಹೇಳಬೇಕು. ಹೇಳಬೇಕಾದ ಕಡೆಯೇ ಹೇಳಬೇಕು.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಮ್ಮ ಬಡಾವಣೆಯ ನಿವೃತ್ತ ಕಾರ್ಮಿಕರೊಬ್ಬರ ಫೋನ್ ನೋಡಿದೆ. ಹಣ ಕಡಿತವಾಗುವ ಮುನ್ನ ಬ್ಯಾಂಕಿನ ಸಂದೇಶ ಪ್ರತಿ ತಿಂಗಳೂ ಬಂದಿತ್ತು. ಕನಿಷ್ಠ 24 ಗಂಟೆ ಮೊದಲು ತಿಳಿಸಲೇಬೇಕೆಂಬ ನಿಯಮವಿದೆ. ಅವರು ಜಾಹೀರಾತೆಂದು ಒಂದನ್ನೂ ತೆರೆದಿರಲಿಲ್ಲ. ದಯವಿಟ್ಟು ಆ ಸಂದೇಶ ಓದಿ.

ರದ್ದು ಮಾಡಲು ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ತೆರೆದು, ನಿಮ್ಮ ಚಿತ್ರ ಒತ್ತಿ, ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ನಿಮ್ಮ ಹೆಸರು, ಸಬ್‌ಸ್ಕ್ರಿಪ್ಷನ್ಸ್. ಅಲ್ಲಿ ಕಾಣದಿದ್ದರೆ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿ ನೋಡಿ. ಎಷ್ಟೋ ಕಂಪನಿಗಳು ಸ್ಟೋರನ್ನು ಬಿಟ್ಟು ನೇರವಾಗಿ ಒಪ್ಪಿಗೆ ಪಡೆದಿರುತ್ತವೆ. ಈಗಲೇ ರದ್ದು ಮಾಡಿದರೆ ಕಟ್ಟಿದ ದುಡ್ಡು ಹಾಳು ಎನ್ನುತ್ತಾರೆ. ಸುಳ್ಳು. ಹಣ ಕಟ್ಟಿದ ಅವಧಿ ಮುಗಿಯುವವರೆಗೆ ಸಾಮಾನ್ಯವಾಗಿ ಸೇವೆ ಸಿಗುತ್ತದೆ.

ಇನ್ನು ಬೆಲೆಯ ಮಾತು ಚುಟುಕಾಗಿ ಹೇಳುತ್ತೇನೆ. 2023ರ ಫೆಬ್ರುವರಿಯಲ್ಲಿ ಟ್ವಿಟರ್‌ನ ಚಂದಾ ಸೇವೆ ‘ಟ್ವಿಟರ್ ಬ್ಲೂ’ ಭಾರತಕ್ಕೆ ಬಂದಾಗ ವೆಬ್‌ಸೈಟಿನಲ್ಲಿ ತಿಂಗಳಿಗೆ 650 ರೂಪಾಯಿ, ಮೊಬೈಲ್ ಆ್ಯಪ್‌ನಲ್ಲಿ 900. ಸೇವೆ ಒಂದೇ. ದೊಡ್ಡ ಕಂಪನಿಗಳ ಚಂದಾದಲ್ಲಿ ಆಪಲ್ ಮೊದಲ ವರ್ಷ ಶೇ. 30ರಷ್ಟು ಪಾಲು ಹಿಡಿಯುತ್ತದೆ. 900ರಲ್ಲಿ ಅದು 270 ರೂಪಾಯಿ. ಗೂಗಲ್ 2022ರ ಜನವರಿಯಿಂದ ಚಂದಾಗಳಿಗೆ ಅದನ್ನು ಶೇ. 15ಕ್ಕೆ ಇಳಿಸಿತು. ಈ ಪಾಲಿನ ಹೊರೆ ಎಷ್ಟೋ ಸಲ ನಿಮ್ಮ ತಲೆಗೇ ಬರುತ್ತದೆ. ಹಾಗಾಗಿ ಕೊಳ್ಳುವ ಮುನ್ನ ಕಂಪನಿಯ ವೆಬ್‌ಸೈಟಿನ ದರವನ್ನೂ ನೋಡಿ.

ಸುಲಭವಾಗಿ ಸೇರಿಸಿಕೊಂಡು, ಬಿಡಲು ಹೋದರೆ ದಾರಿ ಮುಚ್ಚುವುದು ತಪ್ಪು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ ಮಾರ್ಗಸೂಚಿ ನಿಷೇಧಿಸಿದ 13 ಕುತಂತ್ರಗಳಲ್ಲಿ ಇದೂ ಒಂದು. ಅಂಥದ್ದು ಕಂಡರೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ.