ಡಿಶ್ ಇಳಿಸುವ ಮುನ್ನ



ಮಾಳಿಗೆಯ ಮೇಲಿನ ಡಿಶ್‌ಗಳು ಒಂದೊಂದಾಗಿ ಇಳಿಯುತ್ತಿವೆ. ಧಾರಾವಾಹಿ, ಕ್ರಿಕೆಟ್ ಎಲ್ಲವೂ ಮೊಬೈಲಿಗೆ ಬಂದಿವೆ. ಎಂಜಿನಿಯರನಾಗಿ ಇದರ ಒಳಗುಟ್ಟನ್ನು ಹೇಳುತ್ತೇನೆ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹ ಮಳೆ ಇದ್ದಂತೆ: ಒಮ್ಮೆ ಸುರಿದರೆ ಎಲ್ಲರ ಅಂಗಳಕ್ಕೂ ಸಮ. ನೋಡುವವರು ಎಷ್ಟು ಹೆಚ್ಚಿದರೂ ಯಾರ ಪಾಲೂ ಕಡಿಮೆಯಾಗದು. ಇಂಟರ್ನೆಟ್ ನಳದ ನೀರು: ಪ್ರತಿ ಮನೆಗೂ ಬೇರೆ ಧಾರೆ. ಬೇಕಾದಾಗ ಬೇಕಾದ್ದು ಸಿಗುತ್ತದೆ. ಆದರೆ ಪೈಪು ಸಣ್ಣದಿದ್ದು, ಸಂಜೆ ಎಲ್ಲರೂ ತಿರುಗಿಸಿದರೆ ಧಾರೆ ಸೊರಗುತ್ತದೆ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಭೇದ ಕಣ್ಣಿಗೆ ಬಿತ್ತು. ಆನ್‌ಲೈನ್ ತರಗತಿ ನೆಟ್‌ವರ್ಕ್ ಇದ್ದವರಿಗೆ ಮಾತ್ರ. ದೂರದರ್ಶನ ಚಂದನದ 'ಸೇತುಬಂಧ' ಪಾಠ ಟಿವಿ ಇದ್ದ ಎಲ್ಲರಿಗೂ. ಆದರೆ ಟಿವಿಗೆ ಮಗು ಮರುಪ್ರಶ್ನೆ ಕೇಳಲಾರದು. ಅದಕ್ಕೆ ನಳವೇ ಬೇಕು.

2011ರಲ್ಲಿ ಮಂಜೂರಾಗಿ ಈಗ ಭಾರತ್‌ನೆಟ್ ಎನಿಸಿಕೊಂಡ ಯೋಜನೆ ಹುಟ್ಟಿದ್ದೇ ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ತರಲು. ಅಲ್ಲಿಂದ ಶಾಲೆಗೆ, ಮನೆಗೆ ಬರುವ ಕೊನೆಯ ಫರ್ಲಾಂಗನ್ನು ನಾವೇ ಕೇಳಿ ಪಡೆಯಬೇಕು. ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಜೊತೆ ಇದನ್ನೂ ಕೇಳೋಣ. ಮೊದಲ ಗಟ್ಟಿ ಸಂಪರ್ಕ ನಮ್ಮ ಈ ಶಾಲೆಗೇ ಇರಲಿ. ಅಲ್ಲಿಯವರೆಗೆ, ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್ ಇದ್ದವರು ಅದನ್ನು ಇಳಿಸಬೇಡಿ.